ನಾಲ್ಕನೆಯ ಕಂಪ್ಯೂಟರ್

ಸಂತೆಪೇಟೆಯ ಬೇಳೆಕಾಳು ವರ್ತಕ ಮಹದೇವಪ್ಪನವರು ಚಪ್ಪಲಿ ಬಿಡದೆ ಯಾರ ಮನೆಯ ಹೊಸ್ತಿಲನ್ನೂ ದಾಟಿದವರಲ್ಲ. ಆ ಸೋಮವಾರ ದಾಟಿದರು. ಜಯಲಕ್ಷ್ಮಿಪುರಂನ ‘ಶುಭಮಿಲನ ವಧೂವರ ಕೇಂದ್ರ’ದ ಮುಂಕೋಣೆಗೆ ನೇರವಾಗಿ ಬಂದು, ಪ್ರೇಮಲೀಲಾ ಅವರ ಮೇಜಿನ ಮೇಲೆ ಒಂದು ಕಾಗದ ಇಟ್ಟರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

ಅದೊಂದು ಜೆರಾಕ್ಸ್ ಪ್ರತಿ. ಮೂಲ ಕಾಗದ ನಂಜನಗೂಡಿನ ಗಂಡಿನ ಮನೆಗೆ ಅಂಚೆಯಲ್ಲಿ ಹೋಗಿತ್ತು. ಕಂಪ್ಯೂಟರಿನಲ್ಲಿ ಟೈಪು ಮಾಡಿದ ನಾಲ್ಕೇ ಸಾಲು, ಕೆಳಗೆ ಸಹಿ ಇಲ್ಲ.

“ನೀವು ಒಪ್ಪಿರುವ ಹುಡುಗಿಗೆ ಚಿಕ್ಕಂದಿನಲ್ಲಿ ಮೂರ್ಛೆ ಬರುತ್ತಿತ್ತು. ಹತ್ತನೇ ತರಗತಿಯವರೆಗೆ ಮಾತ್ರೆ. ಹುಡುಗಿಯೇ ಸಮಯ ನೋಡಿ ಹೇಳುವಳಂತೆ. ವಿಚಾರಿಸಿಕೊಳ್ಳಿ.”

ಗಂಡಿನ ಕಡೆಯವರು ಭಾನುವಾರವೇ ಫೋನು ಮಾಡಿ, ಮಾತುಕತೆ ಇಲ್ಲಿಗೆ ಸಾಕು ಎಂದು, ಈ ಪ್ರತಿಯನ್ನೂ ಕಳಿಸಿಕೊಟ್ಟಿದ್ದರಂತೆ. ಹುಡುಗ ಅಮರೇಶ್ ದನದ ಡಾಕ್ಟರು; ಮಹದೇವಪ್ಪನವರ ಮಗಳು ಹೇಮಶ್ರೀ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಇಬ್ಬರೂ ಎರಡು ಸಲ ಕೂತು ಮಾತಾಡಿ ಒಪ್ಪಿದ್ದರು. ಮೂರನೆಯ ಸಲ ಭೇಟಿಯಾದಾಗ ತನ್ನ ಹಳೆಯ ಕಾಯಿಲೆಯ ವಿಷಯ ತಾನೇ ಹೇಳುತ್ತೇನೆ ಎಂದು ಹೇಮಶ್ರೀ ಮನೆಯವರಿಗೆ ಹೇಳಿಟ್ಟಿದ್ದಳು. ಅಷ್ಟರೊಳಗೆ ಈ ಕಾಗದ.

“ಈ ವಿಷಯ ನಿಮಗೆ ಬಿಟ್ಟು ಇನ್ಯಾರಿಗೂ ಹೇಳಿರಲಿಲ್ಲಮ್ಮ” ಎಂದರು ಮಹದೇವಪ್ಪ. ದನಿ ಏರಿಸಲಿಲ್ಲ. ಏರಿಸಿದ್ದರೆ ಪ್ರೇಮಲೀಲಾ ಅವರಿಗೂ ಒಂದು ಉತ್ತರ ಹೊಳೆಯುತ್ತಿತ್ತೇನೋ.

ಅವರು ಹೋದ ಮೇಲೆ ಪ್ರೇಮಲೀಲಾ ಕಂಪ್ಯೂಟರಿನಲ್ಲಿ ಹೇಮಶ್ರೀಯ ಫೈಲು ತೆರೆದರು. ಕೊನೆಯಲ್ಲಿ ‘ಗಮನಿಸಿ’ ಎಂಬ ಅಂಕಣ. ಅದರಲ್ಲಿ ಅವರೇ ಬರೆದಿದ್ದರು: “ಚಿಕ್ಕಂದಿನಲ್ಲಿ ಮೂರ್ಛೆ. ಹತ್ತನೇ ತರಗತಿಯವರೆಗೆ ಮಾತ್ರೆ. ಹದಿಮೂರು ವರ್ಷದಿಂದ ಏನೂ ಇಲ್ಲ. ಹುಡುಗಿಯೇ ಸಮಯ ನೋಡಿ ಹೇಳುವಳು.” ಯಾರೋ ನಡುವಿನ ಒಂದು ವಾಕ್ಯವನ್ನು ಕಿತ್ತುಹಾಕಿ, ಉಳಿದದ್ದನ್ನು ಹಾಗೆಯೇ ಎತ್ತಿಕೊಂಡಿದ್ದರು. ಊರಿನ ಬಾಯಿಂದ ಹೋದ ಸುದ್ದಿಯಲ್ಲ ಇದು. ಈ ಕೋಣೆಯಿಂದಲೇ ಹೋದದ್ದು.

ಈ ಕೋಣೆಯಲ್ಲಿ ಕೂರುವವರು ಮೂರೇ ಜನ. ಗಂಡ ತೀರಿಕೊಂಡ ಮಾರನೆಯ ವರ್ಷ ಪ್ರೇಮಲೀಲಾ ತಂದೆಯ ಮನೆಯ ಮುಂಕೋಣೆಯಲ್ಲಿ ಎರಡು ರಿಜಿಸ್ಟರು, ಒಂದು ಕಬ್ಬಿಣದ ಬೀರು ಇಟ್ಟುಕೊಂಡು ಕೇಂದ್ರ ಶುರು ಮಾಡಿದ್ದರು. ಹದಿನಾರು ವರ್ಷ ದಾಟಿ ಈಗ ೨೦೦೭. ಬೀರುವಿನ ಜಾಗಕ್ಕೆ ಮೂರು ಕಂಪ್ಯೂಟರು ಬಂದಿದ್ದವು. ಒಂದರ ಮುಂದೆ ಅವರು. ಇನ್ನೊಂದರ ಮುಂದೆ ಮಂಗಳಮ್ಮ, ಹಿಂದೆ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಹೇಳುತ್ತಿದ್ದವರು, ಬೆರಳು ನೋಡದೆ ಕನ್ನಡ ಟೈಪು ಮಾಡಬಲ್ಲವರು. ಮೂರನೆಯದು ಕೆಸರೆಯ ಚೆಲುವರಾಜುವಿನದು. ಅವನ ಕೆಲಸ ಹೊರಗಿನದು. ಮೊಪೆಡ್ಡಿನಲ್ಲಿ ಊರೂರಿಗೆ ಹೋಗಿ, ಗಂಡು ಹೆಣ್ಣಿನ ಮನೆಯವರು ಹೇಳಿದ್ದು ನಿಜವೋ ಸುಳ್ಳೋ ಎಂದು ಅಕ್ಕಪಕ್ಕದಲ್ಲಿ ವಿಚಾರಿಸಿಕೊಂಡು ಬಂದು ಬರೆದಿಡುವುದು. ಎಲ್ಲರ ಫೈಲುಗಳೂ ಪ್ರೇಮಲೀಲಾ ಅವರ ಕಂಪ್ಯೂಟರಿನ ಒಂದೇ ಫೋಲ್ಡರಿನಲ್ಲಿದ್ದವು. ಮೂವರೂ ತಂತಮ್ಮ ಜಾಗದಿಂದಲೇ ತೆರೆಯಬಹುದಿತ್ತು.

ಅನುಮಾನ ಒಮ್ಮೆ ಒಳಗೆ ಬಂದರೆ ಮನೆಯ ವಸ್ತುಗಳೆಲ್ಲ ಸಾಕ್ಷಿ ಹೇಳತೊಡಗುತ್ತವೆ. ಮಂಗಳಮ್ಮ ಮಧ್ಯಾಹ್ನ ಊಟದ ಡಬ್ಬಿ ತೊಳೆಯಲು ಹೋಗಿ ತಡವಾಗಿ ಬಂದರೆ, ಹಿತ್ತಲಲ್ಲಿ ಯಾರ ಜೊತೆ ಮಾತು ಎಂದು ಪ್ರೇಮಲೀಲಾ ಕಿವಿಗೊಡುತ್ತಿದ್ದರು. ಚೆಲುವರಾಜು ಫೋನಿನಲ್ಲಿ ದನಿ ತಗ್ಗಿಸಿದರೆ ಪೆನ್ನು ಕೆಳಗಿಟ್ಟು ಅತ್ತಲೇ ನೋಡುತ್ತಿದ್ದರು. ಕಾಗದವನ್ನು ದಿನಕ್ಕೆ ಹತ್ತು ಸಲ ಓದಿ, ‘ವಿಚಾರಿಸಿಕೊಳ್ಳಿ’ ಎಂಬ ಪದ ಚೆಲುವರಾಜುವಿನ ಬಾಯಲ್ಲಿ ಎಷ್ಟು ಸಲ ಬರುತ್ತದೆ ಎಂದು ಲೆಕ್ಕ ಹಾಕುತ್ತಿದ್ದರು. ಅವನ ಕೆಲಸವೇ ವಿಚಾರಿಸುವುದು ಎಂಬುದು ಆಗ ತಲೆಗೆ ಹತ್ತಲಿಲ್ಲ.

ಮಹಡಿಯ ಮೇಲೆ ತಮ್ಮ ವಿಶ್ವನಾಥನ ಸಂಸಾರವಿತ್ತು. ವಿಮೆ ಕಚೇರಿಯಲ್ಲಿ ಕೆಲಸ, ಒಬ್ಬಳೇ ಮಗಳು ಶಿಲ್ಪಶ್ರೀ. ಬುಧವಾರ ಸಂಜೆ ಕಾಫಿಗೆ ಇಳಿದು ಬಂದವನು ಅಕ್ಕನ ಮುಖ ನೋಡಿ ವಿಷಯ ಕೇಳಿದ. ಲೋಟ ಕೆಳಗಿಟ್ಟು, ಹದಿನೈದು ದಿನದ ಹಿಂದೆ ತನ್ನ ಕಚೇರಿಯವರೊಬ್ಬರು ನಂಜನಗೂಡಿನ ಬಸ್‌ಸ್ಟ್ಯಾಂಡಿನ ಹತ್ತಿರ ಚೆಲುವರಾಜುವನ್ನು ನೋಡಿದ್ದಾಗಿಯೂ, ಅವನು ಹುಡುಗನ ಸೋದರಮಾವನ ಜೊತೆ ಹೋಟೆಲಿನಲ್ಲಿ ಕೂತಿದ್ದನೆಂದೂ ಹೇಳಿದ.

“ನಾನು ಹೇಳ್ದೆ ಅಂತ ಬೇಡ ಅಕ್ಕ. ಯಾರನ್ನ ಎಷ್ಟು ಹತ್ತಿರ ಬಿಟ್ಕೋಬೇಕೋ ಅಷ್ಟೇ ಬಿಟ್ಕೋ.”

ಮಾರನೆಯ ಬೆಳಿಗ್ಗೆ ಪ್ರೇಮಲೀಲಾ ಚೆಲುವರಾಜುವನ್ನು ಎದುರು ಕೂರಿಸಿಕೊಂಡು, ನಂಜನಗೂಡಿನಲ್ಲಿ ಹುಡುಗನ ಮಾವನನ್ನು ಕಂಡದ್ದು ನಿಜವೇ ಎಂದು ಕೇಳಿದರು. ನಿಜ ಎಂದ. ಸ್ವಲ್ಪ ದಿನ ಬರುವುದು ಬೇಡ ಎಂದರು. ಅವನು ಯಾಕೆಂದು ಕೇಳಲಿಲ್ಲ. ಹೆಗಲ ಚೀಲದಿಂದ ವಿಚಾರಣೆಯ ಪುಸ್ತಕಗಳನ್ನು ತೆಗೆದು ಮೇಜಿನ ಮೇಲೆ ಸರಿಯಾಗಿ ಜೋಡಿಸಿ, ಹೊರಟುಹೋದ. ಹನ್ನೊಂದು ವರ್ಷ ಕೆಲಸ ಮಾಡಿದ್ದವನು. ಮಂಗಳಮ್ಮ ಆ ದಿನವೆಲ್ಲ ಬಾಯಿ ಬಿಡಲಿಲ್ಲ. ಅದನ್ನೂ ಪ್ರೇಮಲೀಲಾ ಗುರುತು ಹಾಕಿಕೊಂಡರು.

ಆದರೆ ಅವನನ್ನು ಕಳಿಸಿದ ಮೇಲೂ ನೆಮ್ಮದಿ ಬರಲಿಲ್ಲ. ಫೈಲುಗಳು ಹಾಗೆಯೇ ಬಾಯಿ ತೆರೆದು ಕೂತಿದ್ದವು. ಪೇಪರಿನ ನಡುವೆ ಬಂದ ಒಂದು ಹ್ಯಾಂಡ್‌ಬಿಲ್ಲಿನಲ್ಲಿ ‘ನೆಟ್‌ವರ್ಕ್ ಸ್ಟೋರೇಜ್’ ಎಂಬುದರ ಚಿತ್ರ ಕಂಡಿತು. ಸಣ್ಣ ಕಚೇರಿಯ ಕಡತಗಳನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿಟ್ಟು, ಯಾರು ಯಾವುದನ್ನು ನೋಡಬಹುದು ಎಂದು ಬೀಗ ಹಾಕಬಹುದಂತೆ. ಪೆಟ್ಟಿಗೆ ವೈರಿನಲ್ಲಿ ಎಲ್ಲ ಕಂಪ್ಯೂಟರುಗಳಿಗೂ ಸೇರಿಕೊಂಡಿರುತ್ತದಂತೆ.

ದೇವರಾಜ ಅರಸು ರಸ್ತೆಯ ದೊಡ್ಡ ಅಂಗಡಿಗೆ ಹೋದರು. ಟೈ ಕಟ್ಟಿಕೊಂಡ ಸೇಲ್ಸ್‌ಮನ್ ಮಿರಿಮಿರಿ ಮಿಂಚುವ ಒಂದು ಪೆಟ್ಟಿಗೆ ತೋರಿಸಿದ. ಒಳಗೆ ಎರಡು ಹಾರ್ಡ್ ಡಿಸ್ಕು. ಎರಡನ್ನೂ ಸೇರಿಸಿ ಒಂದೇ ದೊಡ್ಡ ಜಾಗ ಮಾಡಿದೆ, ಜೀವಮಾನಕ್ಕೆ ತುಂಬುವುದಿಲ್ಲ ಎಂದ. ಎರಡರಲ್ಲಿ ಒಂದು ಕೆಟ್ಟರೆ ಗತಿಯೇನು ಎಂದು ಪ್ರೇಮಲೀಲಾ ಕೇಳಿದರು.

“ಕೆಡಲ್ಲ ಮೇಡಂ.”

ಆ ದನಿ ಅವರಿಗೆ ಚೆನ್ನಾಗಿ ಗೊತ್ತಿತ್ತು. ಹುಡುಗನಿಗೆ ಯಾವ ದುರಭ್ಯಾಸವೂ ಇಲ್ಲ ಎನ್ನುವ ತಂದೆಯರ ದನಿ. ಮತ್ತೆ ಕೇಳಿದಾಗ, ಒಂದು ಕೆಟ್ಟರೆ ಎರಡರಲ್ಲಿದ್ದದ್ದೂ ಹೋದಂತೆಯೇ ಎಂದು ಒಪ್ಪಿಕೊಂಡ. ಯಾರು ಯಾವಾಗ ಫೈಲು ತೆರೆದರು ಎಂದು ಇದು ಬರೆದಿಡುತ್ತದೆಯೇ ಎಂಬುದಕ್ಕೆ, ಕಂಪನಿಗೆ ಫೋನು ಮಾಡಿ ಹೇಳುತ್ತೇನೆ ಎಂದ. ಪ್ರೇಮಲೀಲಾ ಛತ್ರಿ ಎತ್ತಿಕೊಂಡರು.

ಎರಡನೆಯವರು ಸಿದ್ಧಾರ್ಥನಗರದ ಅನಂತಪದ್ಮನಾಭ. ಮನೆಯ ಕಾರ್ ಶೆಡ್ಡಿನಲ್ಲೇ ಅಂಗಡಿ. ಅರುವತ್ತು ಸಮೀಪಿಸಿದ ಒಣಕಲು ಮನುಷ್ಯ. ಯಾವುದೋ ಕಾರ್ಖಾನೆಯ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿದ್ದು ಸ್ವಂತಕ್ಕೆ ಇಳಿದವರು. ಅವರು ಏನನ್ನೂ ಹೊಗಳಲಿಲ್ಲ. ಬದಲಿಗೆ ಕೇಳುತ್ತಲೇ ಹೋದರು: ಎಷ್ಟು ಜನ, ಏನೇನು ಇಡುತ್ತೀರಿ, ಬರೀ ಬರಹವೋ ಫೋಟೋವೂ ಇದೆಯೋ, ಯಾರು ಯಾವುದನ್ನು ನೋಡಬಾರದು, ಕರೆಂಟು ಹೋದರೆ ಯುಪಿಎಸ್ ಇದೆಯೇ, ಪೆಟ್ಟಿಗೆ ಇಡುವ ಕಡೆ ಗಾಳಿ ಆಡುತ್ತದೆಯೇ. ಇಷ್ಟೆಲ್ಲ ಇವರಿಗೆ ಯಾಕೆ ಎಂದು ಪ್ರೇಮಲೀಲಾ ಅವರಿಗೆ ಇವರ ಮೇಲೂ ಗುಮಾನಿ ಹುಟ್ಟಿತು. ಅರ್ಧಕ್ಕರ್ಧ ಪ್ರಶ್ನೆಗಳಿಗೆ ಹಾರಿಕೆಯ ಉತ್ತರ ಕೊಟ್ಟರು.

ಅನಂತಪದ್ಮನಾಭರು ಬೇಸರಿಸದೆ ಎರಡು ಪೆಟ್ಟಿಗೆ ಮುಂದಿಟ್ಟರು. ಒಂದರಲ್ಲಿ ಒಂದೇ ದೊಡ್ಡ ಡಿಸ್ಕು. ಜಾಗ ಹೆಚ್ಚು, ಆದರೆ ಅದು ಕೆಟ್ಟ ದಿನ ಎಲ್ಲವೂ ಹೋಯಿತು. ಇನ್ನೊಂದರಲ್ಲಿ ಚಿಕ್ಕ ಡಿಸ್ಕು ಎರಡು. ಒಂದರಲ್ಲಿ ಬರೆದದ್ದು ಆ ಕ್ಷಣವೇ ಎರಡನೆಯದರಲ್ಲೂ ಬರೆದುಕೊಳ್ಳುತ್ತದೆ. ಒಂದು ಸತ್ತರೆ ಇನ್ನೊಂದು ನಡೆಸುತ್ತದೆ. ಆದರೆ ನೀವೇ ತಪ್ಪಿ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ, ಅದಕ್ಕೆ ವಾರಕ್ಕೊಮ್ಮೆ ಮೂರನೆಯ ಪ್ರತಿ ತೆಗೆದು ಬೇರೆ ಕಡೆ ಇಡಬೇಕು ಎಂದರು.

“ಯಾರು ತೆರೆದ್ರು ಅಂತ ಬರೆದಿಡೋದು ಯಾವುದು?”

ಎರಡು ಡಿಸ್ಕಿನದೇ ಎಂದು ತೋರಿಸಿದರು. ಯಾವ ಕಂಪ್ಯೂಟರು, ಯಾವ ಫೈಲು, ಎಷ್ಟು ಗಂಟೆಗೆ, ಎಲ್ಲ ದಾಖಲಾಗುತ್ತದೆ. ಹಾಗಾದರೆ ಅದೇ ಸಾಕು ಎಂದರು ಪ್ರೇಮಲೀಲಾ, ಮಿಕ್ಕದ್ದನ್ನು ಕೇಳದೆ. ಅನಂತಪದ್ಮನಾಭರು ಕನ್ನಡಕ ತೆಗೆದು ಒರೆಸಿಕೊಂಡರು.

“ನೋಡಿಮ್ಮಾ, ಕಳ್ಳನ್ನ ಹಿಡಿಯೋಕೆ ಅಂತ ಯಾರೂ ಬೀರು ಕೊಳ್ಳಲ್ಲ. ಒಡವೆ ಇಡೋಕೆ ಕೊಳ್ತಾರೆ. ನೀವು ಒಡವೆ ವಿಷಯ ಒಂದು ಮಾತೂ ಆಡ್ಲಿಲ್ಲ.”

ಈ ಮಾತು ಚುಚ್ಚಿತು. ಆದರೂ ಒಂದು ವಾರ ಇಟ್ಟು ನೋಡುತ್ತೇನೆ, ಆಮೇಲೆ ತೀರ್ಮಾನ ಎಂದರು. ಆಗಬಹುದು ಎಂದರು ಅವರು.

ಶನಿವಾರ ಬೆಳಿಗ್ಗೆ ಪೆಟ್ಟಿಗೆ ಬಂತು. ಇಟ್ಟಿಗೆ ಗಾತ್ರದ್ದು, ಮುಂದೆ ಎರಡು ಹಸಿರು ದೀಪ, ಹಿಂದೆ ಗುಂಯ್ ಎನ್ನುವ ಪುಟ್ಟ ಫ್ಯಾನು. ಅನಂತಪದ್ಮನಾಭರು ಅದನ್ನು ಇಂಟರ್‌ನೆಟ್ ಹಂಚುವ ರೌಟರಿಗೆ ಜೋಡಿಸಿ, ಫೈಲುಗಳನ್ನೆಲ್ಲ ಅದಕ್ಕೆ ತುಂಬಿ, ಪ್ರೇಮಲೀಲಾ ಅವರ ಪರದೆಯಲ್ಲಿ ನೆಟ್‌ವರ್ಕಿನ ಪಟ್ಟಿ ತೆರೆದರು. ತೆರೆದವರು ಕೈ ತಡೆದರು.

“ನಿಮ್ಮಲ್ಲಿ ಕಂಪ್ಯೂಟರ್ ಎಷ್ಟು ಅಂದ್ರಿ?”

“ಮೂರು.”

“ಇಲ್ಲಿ ನಾಲ್ಕಿದೆಯಲ್ಲಮ್ಮಾ.”

ನಿಜ. ಪಟ್ಟಿಯಲ್ಲಿ ನಾಲ್ಕು ಹೆಸರು. ನಾಲ್ಕನೆಯದಕ್ಕೆ ಅಂಗಡಿಯಿಂದ ಬಂದಾಗ ಇದ್ದ ಅಕ್ಷರ, ಅಂಕೆಗಳ ಉದ್ದನೆಯ ಹೆಸರೇ ಉಳಿದಿತ್ತು. ಪ್ರೇಮಲೀಲಾ ಅವರಿಗೆ ಮೊದಲು ಹೊಳೆದದ್ದು, ಇದು ಈ ಮನುಷ್ಯನದೇ ಆಟವಿರಬೇಕು ಎಂದು. ಚೀಲದಲ್ಲಿ ಲ್ಯಾಪ್‌ಟಾಪ್ ಇದೆಯೇ ಎಂದು ನೇರವಾಗಿ ಕೇಳಿಯೇ ಬಿಟ್ಟರು. ಅವರು ಚೀಲವನ್ನು ಮೇಜಿನ ಮೇಲೆ ಸುರಿದರು. ಸ್ಕ್ರೂಡ್ರೈವರು, ವೈರು, ಒಂದು ಪೊಟ್ಟಣ ಅವಲಕ್ಕಿ.

ಆಮೇಲೆ ಅವರು ಮಂಡಿಯೂರಿ ರೌಟರಿನ ಮುಂದೆ ಕೂತು ಒಂದೊಂದೇ ವೈರು ಕಿತ್ತು ನೋಡತೊಡಗಿದರು. ಮೊದಲನೆಯದು ಕಿತ್ತಾಗ ಮಂಗಳಮ್ಮನ ಕಂಪ್ಯೂಟರು ಪಟ್ಟಿಯಿಂದ ಮಾಯವಾಯಿತು. ಎರಡನೆಯದಕ್ಕೆ ಚೆಲುವರಾಜುವಿನದು. ಅದನ್ನು ಮಂಗಳಮ್ಮನೇ ಬೆಳಿಗ್ಗೆ ಧೂಳು ಒರೆಸಿ ಆನ್ ಮಾಡಿಟ್ಟಿದ್ದರು. ಇನ್ನೊಂದು ವೈರು ಕಿಟಕಿಯ ಸಂದಿಯಿಂದ ಹೊರಗೆ ಹೋಗಿತ್ತು. ಅದನ್ನು ಕಿತ್ತಾಗ ನಾಲ್ಕನೆಯ ಹೆಸರು ಹೋಯಿತು.

ಆ ವೈರು ಗೋಡೆ ಹತ್ತಿ ಮಹಡಿಗೆ ಹೋಗುತ್ತಿತ್ತು. ಎರಡು ವರ್ಷದ ಹಿಂದೆ ಬ್ರಾಡ್‌ಬ್ಯಾಂಡ್ ಹಾಕಿಸಿದಾಗ, ತಮ್ಮನಿಗೂ ಇಂಟರ್‌ನೆಟ್ ಇರಲಿ ಎಂದು ಪ್ರೇಮಲೀಲಾ ಅವರೇ ಎಳೆಸಿದ್ದು. ನೀರಿನ ಪೈಪಿನ ಹಾಗೆ, ಹೊರಗಿನದು ಮೇಲಕ್ಕೆ ಹೋಗುತ್ತದೆ ಎಂದಷ್ಟೇ ತಿಳಿದಿದ್ದರು. ಕೇಂದ್ರದ ಫೋಲ್ಡರು ಕೂಡ ಅದೇ ಪೈಪಿನಲ್ಲಿ ಇದೆ, ಅದಕ್ಕೆ ಪಾಸ್‌ವರ್ಡು ಇಲ್ಲ ಎಂಬುದು ಅವರಿಗೆ ಆಗಲೇ ಗೊತ್ತಾದದ್ದು.

ಮಂಗಳಮ್ಮ ಟೈಪು ಮಾಡುವುದನ್ನು ನಿಲ್ಲಿಸಿದ್ದರು.

ನೋಡಬಹುದಿತ್ತು ಎಂದರೆ ನೋಡಿದರು ಎಂದಲ್ಲ, ಎಂದು ಪ್ರೇಮಲೀಲಾ ತಮಗೆ ತಾವೇ ಹೇಳಿಕೊಂಡರು. ಚೆಲುವರಾಜುವಿನ ವಿಷಯದಲ್ಲಿ ಈ ಮಾತು ಯಾಕೆ ಹೊಳೆಯಲಿಲ್ಲ ಎಂಬುದು ಒಳಗೆ ಮುಳ್ಳಿನ ಹಾಗೆ ನಟ್ಟಿತು. ಕಿತ್ತ ವೈರನ್ನು ಮತ್ತೆ ಸಿಕ್ಕಿಸಲು ಹೇಳಿದರು. ಫೋಲ್ಡರಿಗೆ ಒಂದು ವಾರ ಬೀಗ ಬೇಡ, ಹಳೆಯ ಹೆಸರಿನಲ್ಲೇ ಎಲ್ಲರಿಗೂ ತೆರೆದಿರಲಿ, ದಾಖಲೆ ಮಾತ್ರ ಬರೆಯಲಿ ಎಂದರು. ಅನಂತಪದ್ಮನಾಭರಿಗೆ ಇದು ಒಗ್ಗಲಿಲ್ಲ. ಊರಿನ ಹೆಣ್ಣುಮಕ್ಕಳ ವಿವರ ತೆರೆದಿಡುವುದು ಸರಿಯಲ್ಲ ಎಂದರು. ಕೊನೆಗೆ, ಹೇಮಶ್ರೀಯ ಫೈಲೊಂದನ್ನು ಬಿಟ್ಟು ಬೇರೆಲ್ಲವುಗಳ ‘ಗಮನಿಸಿ’ ಅಂಕಣವನ್ನು ಆ ಪ್ರತಿಯಿಂದ ತೆಗೆದರೆ ಒಪ್ಪುತ್ತೇನೆ ಎಂದು, ತಾವೇ ಕೂತು ಪುಟ್ಟ ಪ್ರೋಗ್ರಾಮೊಂದರಿಂದ ಎಲ್ಲವನ್ನೂ ಒಟ್ಟಿಗೆ ತೆಗೆದು, ಮೂಲವನ್ನು ಬೀಗದೊಳಗಿಟ್ಟು ಹೋದರು.

ಸೋಮವಾರ ಬೆಳಿಗ್ಗೆ ಅವರು ಬಂದು ದಾಖಲೆ ತೆರೆದು ಅಚ್ಚು ಹಾಕಿಕೊಟ್ಟರು. ಭಾನುವಾರ ರಾತ್ರಿ ಹನ್ನೊಂದೂವರೆಯಿಂದ ಹನ್ನೆರಡೂಕಾಲು. ನಾಲ್ಕನೆಯ ಕಂಪ್ಯೂಟರು.

ಪ್ರೇಮಲೀಲಾ ಆ ಹಾಳೆಯನ್ನು ಹಿಡಿದು ಕೂತರು. ಅನಂತಪದ್ಮನಾಭರಿಗೆ ಅದರಲ್ಲಿ ಕಂಡದ್ದು ಹನ್ನೊಂದು ಫೈಲುಗಳ ಹೆಸರು ಮತ್ತು ಗಂಟೆ. ಪ್ರೇಮಲೀಲಾ ಅವರಿಗೆ ಕಂಡದ್ದು ಬೇರೆ. ಹನ್ನೊಂದರಲ್ಲಿ ಹತ್ತು ಗಂಡಿನ ಫೈಲುಗಳು. ಎಲ್ಲರೂ ಇಪ್ಪತ್ತೆಂಟರಿಂದ ಮೂವತ್ತೆರಡು. ಎಲ್ಲರೂ ತಮ್ಮದೇ ಒಳಪಂಗಡ. ಎಲ್ಲರೂ ಮೈಸೂರಿನ ಸುತ್ತ ನೌಕರಿಯಲ್ಲಿರುವವರು. ಎತ್ತರ ಐದಡಿ ಏಳಿಂಚಿಗೆ ಕಡಿಮೆ ಇದ್ದವರು ಒಬ್ಬರೂ ಇಲ್ಲ. ಇಪ್ಪತ್ತಾರರ, ಐದೂ ಐದು ಎತ್ತರದ ಒಬ್ಬ ಹುಡುಗಿಗೆ ಗಂಡು ಹುಡುಕುವ ತಂದೆ ಹೀಗೇ ಹುಡುಕುತ್ತಾನೆ. ಹುಡುಗಿ ಯಾರು ಎಂದು ಹಾಳೆಯಲ್ಲಿ ಬರೆದಿರಲಿಲ್ಲ, ಬರೆದಿರಬೇಕಾಗಿಯೂ ಇರಲಿಲ್ಲ. ಹತ್ತರಲ್ಲಿ ಅಮರೇಶನ ಫೈಲು ಮಾತ್ರ ಮೂರು ಸಲ ತೆರೆದಿತ್ತು. ಹನ್ನೊಂದನೆಯದು ಹೇಮಶ್ರೀಯದು. ಸಂಬಂಧ ಮುರಿದ ಮೇಲೆ ಅದರಲ್ಲಿ ಹೊಸದಾಗಿ ಏನು ಬರೆದಿದೆ ಎಂದು ನೋಡಲು.

ಆ ಸಂಜೆ ಅವರು ಮಹಡಿ ಹತ್ತಿದರು. ಶಿಲ್ಪಶ್ರೀ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಹಾಳೆಯನ್ನು ತಮ್ಮನ ಕೈಗೆ ಕೊಟ್ಟರು. ವಿಶ್ವನಾಥ್ ಮೊದಲು ನಕ್ಕ. ಕಂಪ್ಯೂಟರಿನ ಲೆಕ್ಕವೆಲ್ಲ ನಂಬಬೇಡ ಎಂದ. ಆಮೇಲೆ ಲೈನು ಕೊಟ್ಟವಳು ನೀನೇ ತಾನೆ ಎಂದ. ಅಕ್ಕ ಹಾಳೆಯಲ್ಲಿ ಅಮರೇಶನ ಹೆಸರಿನ ಮೇಲೆ ಬೆರಳಿಟ್ಟಾಗ ಕೂತುಬಿಟ್ಟ.

“ಊರಿಗೆಲ್ಲ ಗಂಡು ಹುಡುಕಿ ಕೊಟ್ಟೆ. ನನ್ನ ಮಗಳ ಹೆಸರು ಬರ್ಕೊಳೋದಕ್ಕೆ ನಿನ್ನ ಕೈ ಬರ್ಲಿಲ್ಲ. ಕೇಳಿದ್ನಲ್ಲ ಅಕ್ಕ, ಎರಡು ಸಲ ಕೇಳಿದ್ನಲ್ಲ.”

ಕೇಳಿದ್ದು ನಿಜ. ತಮ್ಮ ಮನೆಯ ಹುಡುಗಿಯನ್ನು ತಮ್ಮ ಕೇಂದ್ರದಲ್ಲಿ ಸೇರಿಸಿದರೆ, ಒಳ್ಳೆಯ ಗಂಡುಗಳನ್ನೆಲ್ಲ ತನ್ನವರಿಗೇ ಇಟ್ಟುಕೊಂಡಳು ಎಂದು ಜನ ಆಡಿಕೊಳ್ಳುತ್ತಾರೆ ಎಂಬುದು ಪ್ರೇಮಲೀಲಾ ಅವರ ನಿಯಮ. ಆ ನಿಯಮದ ಬಗ್ಗೆ ಅವರಿಗೆ ಹೆಮ್ಮೆಯಿತ್ತು.

“ಹೇಮಶ್ರೀ ನಿನಗೇನು ಮಾಡಿದ್ಲು?” ಎಂದಷ್ಟೇ ಕೇಳಿದರು.

ಕಾಗದ ಬರೆದದ್ದು ತಾನೇ ಎಂದ ಅವನು. ಸಂಬಂಧ ತಪ್ಪಿದ ಮೇಲೆ ಬೇರೆ ಯಾರ ಮೂಲಕವಾದರೂ ಅಮರೇಶನ ಮನೆಗೆ ಮಗಳ ಜಾತಕ ಕಳಿಸುವ ಎಣಿಕೆಯಿತ್ತು ಎಂದು ಬಾಯಿಬಿಟ್ಟ. ಮಗಳಿಗೆ ಏನೂ ಗೊತ್ತಿಲ್ಲ, ಹೇಳಬೇಡ ಎಂದ. ಚೆಲುವರಾಜುವನ್ನು ನೋಡಿದ ಕಚೇರಿಯವರು ಯಾರು ಎಂದು ಕೇಳಿದಾಗ, ನೋಡಿದ್ದು ತಾನೇ ಎಂದು ಒಪ್ಪಿಕೊಂಡ. ಅಮರೇಶನ ಊರು, ಮನೆ ಹೇಗಿದೆ ಎಂದು ಕಂಡುಬರಲು ಹೋಗಿದ್ದನಂತೆ.

ಪ್ರೇಮಲೀಲಾ ಕೆಳಗಿಳಿದು ಬಂದು, ಕಿಟಕಿಯ ವೈರನ್ನು ಕಿತ್ತು ಸುರುಳಿ ಸುತ್ತಿ ಹೊರಗಿಟ್ಟರು.

ಮಂಗಳವಾರ ಬೆಳಿಗ್ಗೆ ಆಟೋ ಹಿಡಿದು ಕೆಸರೆಗೆ ಹೋದರು. ಹನ್ನೊಂದು ವರ್ಷದಲ್ಲಿ ಅವನ ಮನೆಗೆ ಹೋದದ್ದು ಅದೇ ಮೊದಲು. ಚೆಲುವರಾಜುವಿನ ತಾಯಿ ಕೆಂಚಮ್ಮ ಜಗಲಿಯ ಮೇಲೆ ಚಾಪೆ ಹಾಕಿ ಕೂರಿಸಿದರು. ಅವನು ಒಳಗಿಂದ ಬಂದು ಕಂಬಕ್ಕೆ ಒರಗಿ ನಿಂತ. ಪ್ರೇಮಲೀಲಾ ನಡೆದದ್ದನ್ನು ಮುಚ್ಚುಮರೆ ಇಲ್ಲದೆ ಹೇಳಿದರು, ತಮ್ಮನ ಹೆಸರನ್ನೂ ಸೇರಿಸಿ. ತಪ್ಪಾಯಿತು ಎಂದರು.

“ಆ ದಿನ ನಂಜನಗೂಡಿಗೆ ಯಾಕೋಗಿದ್ದೆ ಅಂತ ನೀವು ಕೇಳ್ಳೇ ಇಲ್ವಲ್ಲಮ್ಮ” ಎಂದ ಚೆಲುವರಾಜು. “ಉಡುಗಂಗೆ ಕೋಪ ಎಂಗೆ, ಅವ್ರ ಮಾವನ್ನ ಮೆಲ್ಲಗೆ ಕೇಳ್ಕಂಡು ಬಾ ಅಂತ ನೀವೇ ಕಳ್ಸಿದ್ರಿ. ನನ್ ಪುಸ್ತಕದಾಗೆ ತಾರೀಕು ಸಮೇತ ಬರ್ದಿವ್ನಿ. ಮೇಜಿನ್ ಮ್ಯಾಲೇ ಇಟ್ಟು ಬಂದೆ. ನೋಡ್ತೀರ ಅಂದ್ಕಂಡಿದ್ದೆ.”

ಅವರು ನೋಡಿರಲಿಲ್ಲ. ಕಳಿಸಿದ್ದು ಈಗ ನೆನಪಾಯಿತು. ಹೇಮಶ್ರೀಯೇ ಕೇಳಿದ್ದಳು, ಹುಡುಗನ ಸಿಟ್ಟಿನ ಬಗ್ಗೆ ತಿಳಿದುಕೊಳ್ಳಬೇಕು ಎಂದು. ಅನುಮಾನ ತಲೆಗೆ ಹತ್ತಿದಾಗ ತಾವೇ ಹೇಳಿದ ಮಾತೂ ತಲೆಯಿಂದ ಇಳಿದುಹೋಗಿತ್ತು. ಮತ್ತೆ ಬಾ ಎಂದು ಕರೆಯಲು ಬಾಯಿ ಬರಲಿಲ್ಲ. ಕೆಂಚಮ್ಮ ಕೊಟ್ಟ ಮಜ್ಜಿಗೆ ಕುಡಿದು ಎದ್ದರು. ನೋಡ್ತೀನಿ ಬುಡಿ ಎಂದು ಅವನೇ ಅಂದ, ಬರುತ್ತೇನೆ ಎಂದೂ ಅಲ್ಲದ, ಬರುವುದಿಲ್ಲ ಎಂದೂ ಅಲ್ಲದ ದನಿಯಲ್ಲಿ.

ಅದೇ ಸಂಜೆ ಸಂತೆಪೇಟೆಯ ಮನೆ. ಮಹದೇವಪ್ಪನವರು ಎಲ್ಲ ಕೇಳಿ, ನಿಮ್ಮ ತಮ್ಮನನ್ನು ನಾನು ಏನು ಮಾಡಲಿ ಎಂದು ಕೇಳಿದರು. ಮಗಳ ಫೈಲನ್ನು ತೆಗೆದುಹಾಕಿಬಿಡಿ ಎಂದರು. ಆಯಿತು ಎಂದರು ಪ್ರೇಮಲೀಲಾ. ಉತ್ತರ ಪತ್ರಿಕೆಗಳನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲ ಬಳಿ ಕೂತಿದ್ದ ಹೇಮಶ್ರೀ ಆಗ ತಲೆ ಎತ್ತಿದಳು.

“ಅಪ್ಪ ನಿಮಗೆ ಹೇಳಿದ್ರು, ನೀವು ಕೇಳಿಸ್ಕೊಂಡ್ರಿ. ಅದು ಸರಿ. ಬರೆದು ಇಟ್ಕೊಂಡಿದ್ದು ಯಾಕೆ?”

“ಮರೆತು ಹೋದೀತು ಅಂತ ಕಣಮ್ಮ.”

“ಮರೆತಿದ್ರೆ ಏನಾಗ್ತಿತ್ತು?”

ಇಷ್ಟು ದಿನ ಪ್ರೇಮಲೀಲಾ ಯಾರು ಕದ್ದರು ಎಂದೇ ಯೋಚಿಸಿದ್ದರು. ಯಾರು ಬರೆದಿಟ್ಟರು ಎಂದು ಕೇಳಿದವಳು ಇವಳೊಬ್ಬಳೇ. ಮರೆತಿದ್ದರೆ ಏನೂ ಆಗುತ್ತಿರಲಿಲ್ಲ. ಹೇಮಶ್ರೀ ತನ್ನ ವಿಷಯವನ್ನು ತಾನೇ ಅಮರೇಶನಿಗೆ ಹೇಳುತ್ತಿದ್ದಳು, ಅವನು ಒಪ್ಪುತ್ತಿದ್ದ ಅಥವಾ ಬಿಡುತ್ತಿದ್ದ. ಪ್ರೇಮಲೀಲಾ ಕೈ ಮುಗಿದು ಹೊರಗೆ ಬಂದರು.

ಮಾರನೆಯ ದಿನ ಅನಂತಪದ್ಮನಾಭರಿಗೆ ಫೋನು ಮಾಡಿ, ಎರಡು ಡಿಸ್ಕಿನ ಚಿಕ್ಕ ಪೆಟ್ಟಿಗೆಯನ್ನೇ ಇಟ್ಟುಕೊಳ್ಳುತ್ತೇನೆ, ಮೂರನೆಯ ಪ್ರತಿಗೆ ಇನ್ನೊಂದು ಡಿಸ್ಕನ್ನೂ ತನ್ನಿ ಎಂದರು. ಅವರು ಬಂದು ಒಬ್ಬೊಬ್ಬರಿಗೂ ಒಂದೊಂದು ಪಾಸ್‌ವರ್ಡು ಹಾಕಿಕೊಟ್ಟರು. ಏನೇನು ಒಳಗಿಡಬೇಕು ಎಂದು ಮತ್ತೆ ಕೇಳಿದಾಗ ಈ ಸಲ ಪ್ರೇಮಲೀಲಾ ಹಾರಿಕೆಯ ಉತ್ತರ ಕೊಡಲಿಲ್ಲ. ಏನು ಇಡಬಾರದು ಎನ್ನುವುದರಿಂದ ಶುರು ಮಾಡಿದರು. ಸಾವಿರದ ಚಿಲ್ಲರೆ ಫೈಲುಗಳಿದ್ದವು. ‘ಗಮನಿಸಿ’ ಅಂಕಣದಲ್ಲಿ ಊರಿನ ಅರ್ಧ ಗುಟ್ಟೇ ಇತ್ತು: ಮುರಿದ ನಿಶ್ಚಿತಾರ್ಥ, ಕುಡಿಯುವ ಅಪ್ಪ, ದತ್ತು ಮಗು, ಬಿಳಿ ಮಚ್ಚೆ. ಮಂಗಳಮ್ಮ ಒಂದು ಕಡೆಯಿಂದ, ಅವರು ಇನ್ನೊಂದು ಕಡೆಯಿಂದ ಒಂದೊಂದನ್ನೂ ನೋಡಿ ಇಡಬಾರದ್ದನ್ನು ಅಳಿಸುತ್ತಾ ಬಂದರು. ಒಂದು ಮಧ್ಯಾಹ್ನ ಮಂಗಳಮ್ಮ ಕೈ ನಿಲ್ಲಿಸದೆ, ನನ್ನ ಮೇಲೂ ಅನುಮಾನ ಬಂದಿತ್ತಲ್ಲವೇ ಎಂದು ಕೇಳಿದರು. ಬಂದಿತ್ತು ಎಂದರು ಪ್ರೇಮಲೀಲಾ. ಗೊತ್ತಿತ್ತು ಎಂದು ಮಂಗಳಮ್ಮ ಮುಂದಿನ ಫೈಲು ತೆರೆದರು.

ಹತ್ತು ದಿನದ ಮೇಲೆ ಚೆಲುವರಾಜು ಬಂದ. ತನ್ನ ಕುರ್ಚಿಯಲ್ಲಿ ಕೂರುವ ಮೊದಲು, ಈ ಪೆಟ್ಟಿಗೆ ನಾನು ತೆರೆದದ್ದನ್ನೆಲ್ಲ ಬರೆದಿಡುತ್ತದಂತೆ ಹೌದೇ ಎಂದು ವಿಚಾರಿಸಿದ. ಹೌದು ಎಂದರು. ಹಾಗಾದರೆ ನೀವು ತೆರೆದದ್ದನ್ನೂ ಬರೆಯಲಿ, ಶನಿವಾರ ಶನಿವಾರ ಅಚ್ಚು ಹಾಕಿ ಮೂವರೂ ಓದುವ ಹಾಗೆ ಮೇಜಿನ ಮೇಲಿಡಿ, ಇಲ್ಲದಿದ್ದರೆ ಬರುವುದಿಲ್ಲ ಎಂದ. ಪ್ರೇಮಲೀಲಾ ಒಪ್ಪಿದರು.

ತಿಂಗಳು ಕಳೆದಿರಬೇಕು, ಅಮರೇಶ್ ಒಬ್ಬನೇ ಬಂದ. ಮನೆಯವರು ಕಾಗದ ಓದಿ ಹೆದರಿದ್ದರೆಂದೂ, ತನಗೆ ಮಾತ್ರ ಅದು ಅರ್ಧ ಕಾಗದದ ಹಾಗೆ ಕಂಡಿತೆಂದೂ ಹೇಳಿ, ಉಳಿದ ಅರ್ಧ ಏನು ಎಂದು ಕೇಳಿದ. ಹದಿಮೂರು ವರ್ಷದಿಂದ ಏನೂ ಇಲ್ಲ ಎಂಬ ಮಾತು ಪ್ರೇಮಲೀಲಾ ಅವರ ನಾಲಗೆಯ ತುದಿಗೆ ಬಂದಿತ್ತು. ಒಂದು ಕ್ಷಣ ಹೇಳಿಯೇ ಬಿಡೋಣ, ಒಳ್ಳೆಯದೇ ಆಗುತ್ತದೆ ಎನ್ನಿಸಿತು.

“ಅದನ್ನ ಹೇಳೋಳು ನಾನಲ್ಲಪ್ಪ. ಅವಳನ್ನೇ ಕೇಳಿ” ಎಂದರು.

ಅವನು ಕೇಳಿದನೋ ಇಲ್ಲವೋ, ಅವರು ವಿಚಾರಿಸಲಿಲ್ಲ. ವಿಚಾರಿಸಲು ಯಾರನ್ನೂ ಕಳಿಸಲೂ ಇಲ್ಲ. ಮಹಡಿಯಿಂದ ತಮ್ಮ ಕಾಫಿಗೆ ಇಳಿಯುವುದು ನಿಂತಿತ್ತು. ಮಗಳಿಗೆ ಹೇಳಬೇಡ ಎಂದಿದ್ದವನು ದೀಪಾವಳಿಯ ಹೊತ್ತಿಗೆ ತಾನೇ ಹೇಳಿಕೊಂಡನಂತೆ. ಶಿಲ್ಪಶ್ರೀ ಒಂದು ಬೆಳಿಗ್ಗೆ ಬಂದು ಅತ್ತೆಯ ಪಕ್ಕದಲ್ಲಿ ಬಹಳ ಹೊತ್ತು ಕೂತಿದ್ದು, ಕೆಲಸಕ್ಕೆ ಎದ್ದು ಹೋದಳು. ಅಕ್ಕ ತಮ್ಮ ಎದುರಾದರೆ ಹಾಲು ಬಂತೇ, ನೀರು ಬಂತೇ ಎಂಬಷ್ಟು ಮಾತು.

ಮುಂದಿನ ವರ್ಷ ಬೇಸಗೆಯಲ್ಲಿ ಒಂದು ಸೋಮವಾರ ಚೆಲುವರಾಜು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ ಕೆಲಸಕ್ಕೆ ಬಂದ. ಹಿಂದಿನ ದಿನ ನಂಜನಗೂಡಿನಲ್ಲಿ ಹೇಮಶ್ರೀ, ಅಮರೇಶರ ಮದುವೆ ಆಯಿತೆಂದ. ಮಹದೇವಪ್ಪನವರೇ ಕೆಸರೆಗೆ ಬಂದು ಲಗ್ನಪತ್ರಿಕೆ ಕೊಟ್ಟಿದ್ದರಂತೆ. ಪ್ರೇಮಲೀಲಾ ಅವರಿಗೆ ಪತ್ರಿಕೆ ಬಂದಿರಲಿಲ್ಲ. ಮಂಗಳಮ್ಮನ ಬೆರಳು ಕೀಲಿಗಳ ಮೇಲೆ ನಿಂತಿತು.

ಪ್ರೇಮಲೀಲಾ ಕುರ್ಚಿಯನ್ನು ಅವನ ಕಡೆ ತಿರುಗಿಸಿಕೊಂಡರು.

“ಊಟಕ್ಕೆ ಏನೇನು ಮಾಡ್ಸಿದ್ರು, ಹೇಳು” ಎಂದರು.

ಚೆಲುವರಾಜು ಕೋಸಂಬರಿಯಿಂದ ಶುರು ಮಾಡಿದ.